ನೂರಾ ಹನ್ನೊಂದನೆಯ ಕಿಲೋಮೀಟರು

ಜೂನ್ ೪

ಅಕ್ಕನ ಮಗಳೇ,

ನೀನು ಕ್ಷೇಮವಾಗಿದ್ದೀಯ ಎಂದು ಅಕ್ಕ ಹೇಳಿದಳು. ನಾನು ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಪೂರ್ತಿ ಬೈಯಲು ಬಿಡುವುದಿಲ್ಲ. ಅದಕ್ಕೇ ಈ ಕಾಗದ. ಕಾಗದ ಎದುರು ಮಾತಾಡುವುದಿಲ್ಲ.

ನನ್ನ ಕೆಂಪಿಯನ್ನು ಪೆಟ್ರೋಲ್ ಕುಡುಕಿ ಅಂದೆಯಂತೆ. "ಮಾವ ಕೊಟ್ಟಿದ್ದು ಕಾರಲ್ಲಮ್ಮ, ತೂತು ಬಿದ್ದ ಕೊಡ" ಅಂದೆಯಂತೆ. ವಾಪಸು ತಂದು ಬಿಡುತ್ತೇನೆ ಅಂದೆಯಂತೆ. ಎಷ್ಟು ಕೊಬ್ಬು ನಿನಗೆ! ಎರಡು ಸೀಟು, ಐದು ಗೇರು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಬೀದಿಗಿಳಿದರೆ ಜಗಳ ಆಡುತ್ತಿದ್ದವರೂ ಜಗಳ ನಿಲ್ಲಿಸಿ ನೋಡುವ ಕಾರು ಅದು. ಗುಜರಿ ಅಂಗಡಿಯ ಬಾಗಿಲಿನಿಂದ ಎಳೆದು ತಂದು, ನಟ್ಟು ನಟ್ಟು ಬಿಚ್ಚಿ, ಈ ಎರಡು ಕೈಯಿಂದ ಎಬ್ಬಿಸಿ ನಿಲ್ಲಿಸಿದವನು ನಾನು. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನ ಗ್ಯಾರೇಜಿನ ಮುಂದೆ ಎಂಜಿನಿಯರುಗಳು ಕೈಕಟ್ಟಿ ನಿಲ್ಲುತ್ತಾರೆ. ನೀನು ನನಗೆ ಮೈಲೇಜ್ ಹೇಳಿಕೊಡುತ್ತೀಯಾ?

ಕೆಂಪಿ ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಕೊಟ್ಟವಳು. ಶೋಕೇಸಿನಲ್ಲಿರುವ, ಓಟದಲ್ಲಿ ನಾನು ಗೆದ್ದ ಹಿತ್ತಾಳೆ ಕಪ್ಪನ್ನು ಕೇಳು. ಕುಡಿಯುತ್ತಿರುವುದು ಅವಳಲ್ಲ, ನಿನ್ನ ಬಲಗಾಲು. ಹೋದ ಸಲ ನೀನು ಹೊರಟಾಗ ನೋಡಿದೆನಲ್ಲ, ಎರಡನೇ ಗೇರಿನಲ್ಲಿ ಬೀದಿಯ ಕೊನೆಯವರೆಗೂ ಅರಚಿಸಿಕೊಂಡು ಹೋದೆ. ಅಲ್ಲಿ ಧಡ್ ಎಂದು ಬ್ರೇಕು. ಸುಟ್ಟ ಪೆಟ್ರೋಲನ್ನೆಲ್ಲ ಆ ಬ್ರೇಕಿಗೆ ಸುರಿದೆ. ಗೇರನ್ನು ಬೇಗ ಬೇಗ ಮೇಲಕ್ಕೆ ಹಾಕು. ಎಂಜಿನ್ ಗುನುಗಬೇಕು, ಅಳಬಾರದು. ದೂರದಲ್ಲಿ ಕೆಂಪು ದೀಪ ಕಂಡರೆ ಇಲ್ಲಿಂದಲೇ ಕಾಲು ತೆಗೆ. ಆಕ್ಸಿಲರೇಟರಿನ ಕೆಳಗೆ ಮೊಟ್ಟೆ ಇದೆ ಅಂದುಕೊಂಡು ಒತ್ತು.

ವಾಪಸು ತರುವ ಮಾತು ಇನ್ನೊಂದು ಸಲ ಕಿವಿಗೆ ಬಿದ್ದರೆ ನೋಡು.

ಇಂತಿ,
ಐದು ಗೇರಿನ ಸರದಾರ,
ನಿನ್ನ ಸೋದರಮಾವ


ಜೂನ್ ೧೫

ಮಾವಾ,

ಬೈಗುಳ ತಲುಪಿತು. ಅಮ್ಮ ಎರಡು ಸಲ ಓದಿಸಿಕೊಂಡು ನಕ್ಕಳು.

ನಾನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಕೆಲಸ ಮಾಡುತ್ತೇನೆ ಎನ್ನುವುದನ್ನು ಮರೆತಿದ್ದೀರಿ. ಬಂಕುಗಳಿಗೆ ಹೋಗಿ, ಮುದ್ರೆ ಹಾಕಿದ ಅಳತೆ ಪಾತ್ರೆ ಹಿಡಿದು, ಪಂಪು ಸರಿಯಾಗಿ ಸುರಿಯುತ್ತದೆಯೋ ಇಲ್ಲವೋ ನೋಡುವುದೇ ನನ್ನ ಕೆಲಸ. ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಓಡಿಸಿ, ಮತ್ತೆ ಬಾಯಿಮಟ್ಟ ತುಂಬಿಸಿ ಮೂರು ಸಲ ಅಳೆದಿದ್ದೇನೆ. ನಿಮ್ಮ ಕೆಂಪಿ ಕೊಡುವುದು ಹನ್ನೊಂದು ಮುಕ್ಕಾಲು. ಇಪ್ಪತ್ತೆರಡು ಅಲ್ಲ. ನಿಮ್ಮ ಬಾಯಲ್ಲಿ ಯಾವಾಗಲೂ ಎಲ್ಲವೂ ಎರಡರಷ್ಟು ಆಗುತ್ತದೆ.

ಕಾರು ಕೇಳಿದ್ದು ನಾನಲ್ಲ, ತಂದು ನಿಲ್ಲಿಸಿ ಕೀಲಿ ಕೊಟ್ಟವರು ನೀವು. ದಿನಾ ಎಪ್ಪತ್ತು ಕಿಲೋಮೀಟರು ಓಡಾಡುವವಳು ನಾನು. ಸಾಲದ್ದಕ್ಕೆ ಅಪ್ಪ ಒಂದು ದಿನವೂ ಅದರಲ್ಲಿ ಕೂರುವುದಿಲ್ಲ. ಕೋಲೂರಿಕೊಂಡು ಬಸ್ಸಿಗೇ ಹೋಗುತ್ತಾರೆ. "ಬನ್ನಿ ಅಪ್ಪಾ, ಬಿಡ್ತೀನಿ" ಅಂದರೆ, "ಬೇಡಮ್ಮಾ, ಡ್ರೈವರ್ ಪಕ್ಕ ಕೂತ್ರೆ ನನ್ನ ಕೈ ಸುಮ್ನಿರಲ್ಲ" ಅನ್ನುತ್ತಾರೆ. ಎರಡೇ ಸೀಟಿನ ಕಾರಿನಲ್ಲಿ ಪಕ್ಕ ಬಿಟ್ಟು ಇನ್ನೆಲ್ಲಿ ಕೂರಿಸಲಿ?

ಇಂತಿ,
ಹನ್ನೊಂದು ಮುಕ್ಕಾಲು,
ನಿಮ್ಮ ಅಕ್ಕನ ಮಗಳು


ಜೂನ್ ೨೧

ಅಳತೆಗಾರ್ತೀ,

ಹನ್ನೊಂದು ಮುಕ್ಕಾಲು ಅಂತ ಬರೆಯಲು ಕೈ ನಡುಗಲಿಲ್ಲವೇ? ಹಾಗಿದ್ದರೆ ಕೇಳು. ಟೈರಿಗೆ ಗಾಳಿ ನೋಡಿ ಎಷ್ಟು ದಿನವಾಯಿತು? ಸುಳ್ಳು ಹೇಳಬೇಡ, ನಿನ್ನಮ್ಮನನ್ನು ಕೇಳಿ ತಿಳಿದುಕೊಂಡಿದ್ದೇನೆ, ಹಿಂದಿನ ಎರಡೂ ಮೆತ್ತಗಾಗಿವೆ. ಡಿಕ್ಕಿಯಲ್ಲಿ ಏನಿದೆ? ನಿನ್ನ ಇಲಾಖೆಯ ಕಬ್ಬಿಣದ ತೂಕದ ಕಲ್ಲುಗಳು! ಅರವತ್ತು ಕಿಲೋ ಕಬ್ಬಿಣವನ್ನು ದಿನಾ ಮೆರವಣಿಗೆ ಮಾಡಿಸಿ ಕಾರನ್ನು ಬೈಯುತ್ತೀಯ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡು, ಆಚೆ ಕಡೆ ಕಾಣದಿದ್ದರೆ ಎಸೆ. ದೊಡ್ಡ ರಸ್ತೆಯಲ್ಲಿ ನೂರರ ಮೇಲೆ ಹೋದರೆ ಪೆಟ್ರೋಲ್ ಸುಡುವುದು ಗಾಳಿಯನ್ನು ತಳ್ಳಲಿಕ್ಕೆ. ಎಪ್ಪತ್ತರಲ್ಲಿ ಐದನೇ ಗೇರಿನಲ್ಲಿ ಹೋಗು. ಲಾರಿಯವರು ಹಾರ್ನ್ ಹೊಡೆದರೆ ಹೊಡೆಯಲಿ.

ಇನ್ನು ಕಪ್ಪಿನ ವಿಷಯ. ನಿನಗೆ ಆಗ ಎಂಟು ವರ್ಷ, ನೆನಪಿರಲಾರದು. ಎರಡು ಸೀಟಿನ ಕಾರಿನವರ ಸಂಘ ಪ್ರತಿ ವರ್ಷ 'ಒಂದು ಕ್ಯಾನ್ ಓಟ' ನಡೆಸುತ್ತದೆ. ಟ್ಯಾಂಕಿನ ಬದಲು ಐದು ಲೀಟರಿನ ಸೀಲು ಹಾಕಿದ ಕ್ಯಾನಿನಿಂದ ಎಂಜಿನ್ನಿಗೆ ಪೈಪು ಕೊಡುತ್ತಾರೆ. ಬಯಲ ರಸ್ತೆಯಲ್ಲಿ ಹೊರಟು, ಗುಡ್ಡ ಹತ್ತಿ, ಆಚೆ ಇಳಿಯಬೇಕು. ಕಾರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಅಳತೆ. ಹತ್ತೊಂಬತ್ತು ವರ್ಷದ ಹಿಂದೆ ನಾನು ಓಡಿಸಿದೆ, ನಿನ್ನಪ್ಪ ಪಕ್ಕದಲ್ಲಿ ಕೂತಿದ್ದರು. ನೂರಾ ಹನ್ನೊಂದು ಕಿಲೋಮೀಟರು! ಇವತ್ತಿಗೂ ಯಾರೂ ದಾಟಿಲ್ಲ. ಇನ್ನೂ ಹೋಗುತ್ತಿದ್ದೆ, ಕ್ಯಾನಿನಲ್ಲಿ ಎಣ್ಣೆ ಉಳಿದಿತ್ತು. ಇಳಿಜಾರಿನ ತಿರುವಿನಲ್ಲಿ ಭಾವ ಗಾಬರಿಯಾಗಿ ಸ್ಟೀರಿಂಗಿಗೆ ಕೈ ಹಾಕಿ ಎಳೆದರು, ಎಡಗಡೆ ತಡೆಗೋಡೆಗೆ ಉಜ್ಜಿತು, ಬಾಗಿಲು ಒಳಗೆ ಬಂತು, ಅವರ ಎಡಮಂಡಿ ಹೋಯಿತು. ನಾನು ಅವರನ್ನು ಒಂದು ದಿನ ಒಂದು ಮಾತು ಅಂದವನಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದು.

ಇಂತಿ,
ನೂರಾ ಹನ್ನೊಂದು,
ನಿನ್ನ ಮಾವ


ಆಗಸ್ಟ್ ೨

ಮಾವಾ,

ಸೋತೆ ಎಂದು ಬರೆಯಲು ಹೊಟ್ಟೆ ಉರಿಯುತ್ತಿದೆ, ಆದರೂ ಬರೆಯುತ್ತೇನೆ. ಗಾಳಿ ಹಾಕಿಸಿದೆ. ಕಲ್ಲುಗಳನ್ನು ಕಚೇರಿಯಲ್ಲಿ ಇಳಿಸಿದೆ. ಫಿಲ್ಟರ್ ಬದಲಿಸಿದೆ, ಒಳಗೊಂದು ಹಲ್ಲಿ ಒಣಗಿ ಕೂತಿತ್ತು. ಮೊಟ್ಟೆ ಒತ್ತಿದಂತೆ ಒತ್ತಿದೆ. ಬೈಸಿಕಲ್ಲಿನವನೊಬ್ಬ ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಅಕ್ಕಾ, ತಳ್ಬೇಕಾ?" ಅಂದ. ಅದನ್ನೂ ನುಂಗಿಕೊಂಡೆ. ಈಗ ಹದಿನಾರೂವರೆ ಬರುತ್ತಿದೆ. ಮೂರು ಸಲ ಅಳೆದದ್ದು.

ಅಕ್ಟೋಬರ್ ಹನ್ನೆರಡಕ್ಕೆ ಈ ವರ್ಷದ ಒಂದು ಕ್ಯಾನ್ ಓಟ. ಹೆಸರು ಕೊಟ್ಟಿದ್ದೇನೆ. ಪಕ್ಕದಲ್ಲಿ ಒಬ್ಬರು ಇರಲೇಬೇಕಂತೆ. ಅಪ್ಪನನ್ನು ಕೇಳಿದೆ. "ಆ ರಸ್ತೆಗಾ? ನಿನ್ನೂ ಕೆಡಿಸ್ಲಾ?" ಅಂದು ಎದ್ದು ಹೋದರು. ಮಾವಾ, ನನಗೆ ಸೈಕಲ್ ಕಲಿಸುವಾಗಲೂ ಅಪ್ಪ ಹ್ಯಾಂಡಲ್ ಮುಟ್ಟಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ಕುಂಟಿಕೊಂಡು ಬಂದರು. ನಾನು ಬಿದ್ದೆ. ಆಗಲೂ ಕೈ ಬಿಚ್ಚಲಿಲ್ಲ. ಇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ.

ಅವರನ್ನು ಆ ಸೀಟಿನಲ್ಲಿ ಕೂರಿಸಿ, ಆ ತಿರುವು ದಾಟಿಸಿಯೇ ಸಿದ್ಧ. ಅದಕ್ಕೆ ಮೊದಲು ಹದಿನಾರೂವರೆ ಇಪ್ಪತ್ತೆರಡು ಆಗುವುದು ಹೇಗೆ, ಬಚ್ಚಿಟ್ಟ ವಿದ್ಯೆ ಏನಿದೆ, ಹೇಳಿ.

ಇಂತಿ,
ನಿಮ್ಮ ಶಿಷ್ಯೆ (ಈ ಒಂದು ಸಲ ಮಾತ್ರ)


ಆಗಸ್ಟ್ ೮

ಶಿಷ್ಯೇ,

ನಿನ್ನ ಕಾಗದವನ್ನು ಗ್ಯಾರೇಜಿನಲ್ಲಿ ಎಲ್ಲರಿಗೂ ಓದಿದೆ. ಹಲ್ಲಿಯ ಜಾಗ ಬಂದಾಗ ಎರಡು ಸಲ ಓದಿದೆ. ಈಗ ಬಗ್ಗಿದೆ ನೋಡು ನಿನ್ನ ಬೆನ್ನು!

ಭಾವನನ್ನು ಬಿಡು, ಬೇರೆ ಯಾರನ್ನಾದರೂ ಕೂರಿಸಿಕೋ. ಹಳೆಯದನ್ನು ಕೆದಕಬೇಡ.

ಯಾರಿಗೂ ಹೇಳದ ವಿದ್ಯೆ ಹೇಳುತ್ತೇನೆ. ಗುಡ್ಡದ ನೆತ್ತಿಗೆ ಬಂದೆ ಅನ್ನು. ಮುಂದೆ ಒಂಬತ್ತು ಕಿಲೋಮೀಟರು ಬರೀ ಇಳಿಜಾರು. ಗೇರನ್ನು ನ್ಯೂಟ್ರಲ್ಲಿಗೆ ತಳ್ಳು. ಆಮೇಲೆ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಡು. ಒಂದೇ ಮೆಟ್ಟಿಲು ತಿರುಗಿಸಬೇಕು, ಹೆಚ್ಚಾದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಎಂಜಿನ್ನೇ ಸತ್ತಿದೆ, ಇನ್ನು ಕುಡಿಯುವುದೇನನ್ನು? ಕೆಂಪಿ ಸದ್ದಿಲ್ಲದೆ ಹಾವಿನ ಹಾಗೆ ಜಾರುತ್ತಾಳೆ. ಒಂಬತ್ತು ಕಿಲೋಮೀಟರು ಪುಕ್ಕಟೆ! ಕಪ್ಪು ಬಂದದ್ದು ಇದರಿಂದ. ಉಳಿದವರೆಲ್ಲ ಎಂಜಿನ್ ಉರಿಸಿಕೊಂಡೇ ಇಳಿದರು, ಪೆದ್ದರು. ಬ್ರೇಕನ್ನು ಮಾತ್ರ ಎರಡು ಸಲಕ್ಕಿಂತ ಹೆಚ್ಚು ಒತ್ತಬೇಡ. ಯಾಕೆ ಅಂತ ಕೇಳಬೇಡ.

ಇಂತಿ,
ಗುರುಗಳು


ಆಗಸ್ಟ್ ೩೦

ಮಾವಾ,

ಯಾಕೆ ಅಂತ ಕೇಳಬೇಡ ಅಂದಿರಿ. ಕೇಳಲಿಲ್ಲ, ನೋಡಿದೆ.

ಲಾರಿ ತೂಗುವ ನಮ್ಮ ಕಚೇರಿಯ ಅಂಗಳಕ್ಕೆ ಸ್ವಲ್ಪ ಇಳಿಜಾರಿದೆ. ಭಾನುವಾರ ಗೇಟು ಹಾಕಿ, ನಡೆಯುವ ವೇಗದಲ್ಲಿ, ನ್ಯೂಟ್ರಲ್ಲಿಗೆ ತಂದು ಎಂಜಿನ್ ಆರಿಸಿದೆ. ಬ್ರೇಕು ಮೊದಲ ಸಲ ಹಿಡಿಯಿತು. ಎರಡನೇ ಸಲ ಅರ್ಧ. ಮೂರನೆಯದಕ್ಕೆ ಪೆಡಲು ಕಲ್ಲಾಯಿತು. ನಾನು ಎರಡು ಕಾಲೂ ಇಟ್ಟು ನಿಂತೆ. ಸ್ಟೀರಿಂಗ್ ಹೂತುಹೋದ ಗೂಟದ ಹಾಗೆ ತಿರುಗಲೊಲ್ಲದು. ಬ್ರೇಕಿಗೂ ಸ್ಟೀರಿಂಗಿಗೂ ಬಲ ಕೊಡುವುದು ಎಂಜಿನ್. ಅದನ್ನು ನೀವು ನನಗಿಂತ ಮೊದಲೇ ತಿಳಿದಿದ್ದೀರಿ, ಮೆಕ್ಯಾನಿಕ್ ನೀವು. ಅಂಗಳದ ಕೊನೆಯಲ್ಲಿ ಮರಳಿನ ಮೂಟೆಗೆ ತಾಗಿ ನಿಂತೆ. ನಡೆಯುವ ವೇಗ ಮಾವಾ. ಆವತ್ತು ನಿಮ್ಮ ವೇಗ ಎಷ್ಟಿತ್ತು?

ಇನ್ನೊಂದು ಮಾತಿದೆ. ಅದನ್ನು ಬರೆಯುವಾಗ ಪೆನ್ನು ಮುರಿಯುವಷ್ಟು ಸಿಟ್ಟು ಬರುತ್ತಿದೆ. ಕೆಂಪಿಯದು ಹಳೇ ಕಾರ್ಬ್ಯುರೇಟರ್ ಅಲ್ಲ, ಬೇಕಾದಾಗ ಮಾತ್ರ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ತಾನಾಗಿ ನಿಲ್ಲುತ್ತದೆ. ಪೈಪಿಗೆ ಮೀಟರ್ ಹಾಕಿ ನೋಡಿದ್ದೇನೆ. ಸೊನ್ನೆ. ಒಂದು ತೊಟ್ಟೂ ಇಲ್ಲ. ಬ್ರೇಕೂ ಇರುತ್ತದೆ, ಸ್ಟೀರಿಂಗೂ ಇರುತ್ತದೆ. ನೀವು ಪೆದ್ದರು ಅಂದ ಆ ಉಳಿದವರೂ ಇಳಿಜಾರಿನಲ್ಲಿ ಏನೂ ಸುಡಲಿಲ್ಲ. ನೀವು ಉಳಿಸಿದ್ದು ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಅಪ್ಪನ ಮಂಡಿ ಹೋಯಿತು.

ಸ್ಟೀರಿಂಗ್ ಎಳೆದದ್ದು ಯಾರು? ಅಪ್ಪನೇ?

ಉತ್ತರ ನನಗೆ ಬೇಡ. ಓಟಕ್ಕೆ ಮೊದಲು, ನಿಮ್ಮ ಕೈಬರಹದಲ್ಲಿ, ಅಪ್ಪನಿಗೆ ಬರೆಯಿರಿ. ನಾನು ಹೇಳಿದರೆ ಅವರು ನಂಬುವುದಿಲ್ಲ. ಅವರಿಗೆ ಈಗಲೂ ನೀವೆಂದರೆ ಅಷ್ಟು ನಂಬಿಕೆ.

ಅಕ್ಕನ ಮಗಳು


ಸೆಪ್ಟೆಂಬರ್ ೩

ಏನೇ,

ಯಾರ ಜೊತೆ ಮಾತಾಡುತ್ತಿದ್ದೇನೆ ಎನ್ನುವ ಪ್ರಜ್ಞೆ ಇದೆಯೇ ನಿನಗೆ? ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನಾನು. ನಿನ್ನ ಮೂಗು ಒರೆಸಿದ ಕೈ ಇದು. ಮರಳು ಮೂಟೆಗೆ ಕಾರು ಗುದ್ದಿ ನನಗೆ ಪಾಠ ಹೇಳಲು ಬರುತ್ತೀಯಾ? ಇಂಜೆಕ್ಷನ್ನಂತೆ, ಸೊನ್ನೆಯಂತೆ! ನಾನು ಸ್ಪ್ಯಾನರ್ ಹಿಡಿದಾಗ ನಿನ್ನ ಮೀಟರು ಮಾಡಿದವನ ಅಪ್ಪ ಹುಟ್ಟಿರಲಿಲ್ಲ.

ಭಾವನ ಕೈ ಸ್ಟೀರಿಂಗಿನ ಮೇಲಿತ್ತು. ಕಣ್ಣಾರೆ ಕಂಡಿದ್ದೇನೆ. ಬೇಕಾದರೆ ಅವರನ್ನೇ ಕೇಳು, ಅವರೇ ಒಪ್ಪುತ್ತಾರೆ. ಹತ್ತೊಂಬತ್ತು ವರ್ಷ ಇಲ್ಲದ ತಕರಾರು ಈಗ ನಿನ್ನದೇನು? ಕಾರನ್ನು ತಂದು ನಿಲ್ಲಿಸು. ಈ ವಾರವೇ. ಕೀಲಿಯನ್ನು ಗೂಟಕ್ಕೆ ಹಾಕಿ ಹೋಗು, ಮುಖ ತೋರಿಸಬೇಡ.

ಮಾವ


ಸೆಪ್ಟೆಂಬರ್ ೨೦

ಅಕ್ಕನ ಮಗಳೇ,

ಕಾರೂ ಬರಲಿಲ್ಲ, ಕಾಗದವೂ ಬರಲಿಲ್ಲ. ಬೈದು ಬರೆಯುತ್ತೀಯ ಅಂದುಕೊಂಡಿದ್ದೆ. ದಿನಾ ಹನ್ನೊಂದು ಗಂಟೆಗೆ ಅಂಚೆಯವನು ಬರುತ್ತಾನೆ. ನನ್ನನ್ನು ನೋಡಿ ದೂರದಿಂದಲೇ ಕೈ ಆಡಿಸಿ ಹೋಗುತ್ತಾನೆ. ಅವನ ಮೇಲೂ ಸಿಟ್ಟು ಬರುತ್ತದೆ.

ನಿನ್ನೆ ಒಬ್ಬ ಗಿರಾಕಿ ಬಂದು ಶೋಕೇಸಿನ ಕಪ್ಪು ನೋಡಿ, "ಇದೇನು ಸಾಹುಕಾರ್ರೆ, ನೂರಾ ಹನ್ನೊಂದು?" ಅಂದ. ಯಾವಾಗಲೂ ಅರ್ಧ ಗಂಟೆ ಹೇಳುತ್ತೇನೆ. ನಿನ್ನೆ "ಹಳೇದು" ಅಂದು ಬಾನೆಟ್ಟಿನೊಳಗೆ ತಲೆ ಹಾಕಿದೆ. ಹುಡುಗೀ, ಅದು ಯಾವ ಜಾಗದವರೆಗಿನ ಅಳತೆ ಗೊತ್ತೇ? ಭಾವನನ್ನು ಗಾಡಿಗೆ ಹಾಕಿ ಆಸ್ಪತ್ರೆಗೆ ಕಳಿಸಿದ ಮೇಲೆ ಸಂಘದವರು ಟೇಪು ಹಿಡಿದು ಬಂದು ಹತ್ತಿರದ ಕಿಲೋಮೀಟರ್ ಕಲ್ಲಿನಿಂದ ಆ ತಡೆಗೋಡೆಯವರೆಗೆ ಅಳೆದರು. ಕಾರು ನಿಂತ ಜಾಗ ಅದೇ ತಾನೇ.

ಕಾರು ತರುವುದು ಬೇಡ. ಟೈರಿನ ಗಾಳಿ ನೋಡಿಕೋ.

ಮಾವ


ಸೆಪ್ಟೆಂಬರ್ ೨೯

ಪೂಜ್ಯ ಭಾವನವರಿಗೆ,

ನನ್ನದು ಏಳನೇ ಕ್ಲಾಸಿನ ಕನ್ನಡ. ಅದರಲ್ಲೂ ಈ ಕಾಗದ ಮೂರು ಸಲ ಹರಿದು ನಾಲ್ಕನೇ ಸಲ ಬರೆಯುತ್ತಿರುವುದು. ನಿಮ್ಮ ಮಗಳ ಮೇಲೆ ಸಿಟ್ಟಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲಿದೆ. ಯಾರನ್ನು ಬೈಯಬೇಕೋ ತಿಳಿಯದೆ ಸ್ಪ್ಯಾನರ್ ಎಸೆದು ಗ್ಯಾರೇಜಿನ ಕಿಟಕಿ ಒಡೆದಿದ್ದೇನೆ.

ಆವತ್ತು ಗುಡ್ಡದ ನೆತ್ತಿಯಲ್ಲಿ ನೀವು ಕೇಳಿದಿರಿ, "ಏನೋ ಇದು, ಕಾರಿಗೆ ಸದ್ದೇ ಇಲ್ವಲ್ಲೋ?" ನಾನು ಹೇಳಿದೆ, "ಸದ್ದಿಲ್ದೆ ಗೆಲ್ಲೋದು ನೋಡಿ ಭಾವಾ!" ಎಂಜಿನ್ ಆರಿಸಿದ್ದೆ. ಪೆಟ್ರೋಲ್ ಉಳಿಸಲಿಕ್ಕೆ. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೆ, ಹಿಡಿಯಿತು. ಎರಡನೆಯದರಲ್ಲಿ ಒತ್ತಿದೆ, ಸ್ವಲ್ಪ ಹಿಡಿಯಿತು. ಮೂರನೆಯದರಲ್ಲಿ ಹಿಡಿಯಲಿಲ್ಲ. ರಸ್ತೆ ಬಲಕ್ಕೆ ತಿರುಗಿತು, ಸ್ಟೀರಿಂಗ್ ತಿರುಗಲಿಲ್ಲ. ಎದುರಿಗೆ ಗೋಡೆ, ಗೋಡೆಯಾಚೆ ಏನೂ ಇಲ್ಲ. ನಾನು ಕಣ್ಣು ಮುಚ್ಚಿದೆ ಭಾವಾ. ಎಲ್ಲರ ಮುಂದೆ ಎದೆ ತಟ್ಟಿಕೊಳ್ಳುವ ನಾನು ಕಣ್ಣು ಮುಚ್ಚಿದೆ.

ನಿಮ್ಮ ಕೈ ಸ್ಟೀರಿಂಗಿಗೆ ಬಂದದ್ದು ನಿಜ. ಆದರೆ ನೀವು ಎಳೆದದ್ದು ಬಲಕ್ಕೆ, ರಸ್ತೆಯ ಕಡೆಗೆ. ಒಬ್ಬನ ಕೈಗೆ ಬಗ್ಗದ್ದು ಇಬ್ಬರ ಕೈಗೆ ಬಗ್ಗಿತು. ಅದಕ್ಕೇ ಕಾರು ಮೂತಿ ಕೊಟ್ಟು ಗುದ್ದಲಿಲ್ಲ, ಪಕ್ಕ ಕೊಟ್ಟು ಉಜ್ಜಿತು. ಪಕ್ಕದಲ್ಲಿ ನಿಮ್ಮ ಮಂಡಿ ಇತ್ತು. ನೀವು ಕೈ ಹಾಕದಿದ್ದರೆ ನಾವಿಬ್ಬರೂ ಗೋಡೆ ಒಡೆದುಕೊಂಡು ಕೆಳಗೆ ಹೋಗುತ್ತಿದ್ದೆವು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ನನ್ನ ಅಂಗಿ ಹಿಡಿದು "ಏನಾಯ್ತೋ, ಹೇಳೋ" ಅಂದಳು. "ಭಾವ ಸ್ಟೀರಿಂಗ್ ಎಳೆದುಬಿಟ್ರು" ಅಂತ ಬಾಯಿಗೆ ಬಂತು. ನಿಮಗೆ ಎಚ್ಚರವಾದಾಗ ನಿಜ ಹೇಳೋಣ ಎಂದುಕೊಂಡೆ. ಎಚ್ಚರವಾಗಿ, ಆ ತಿರುವು ಸರಿಯಾಗಿ ನೆನಪಾಗದೆ, ನೀವು ಕೇಳಿದ ಮೊದಲ ಮಾತು, "ನಾನು ಎಳೆದ್ನೇನೋ?" ನಾನು ಹೌದೆಂದು ತಲೆ ಆಡಿಸಿದೆ. ಆಮೇಲೆ ನೀವು ಒಂದು ಸಲವೂ ಕೇಳಲಿಲ್ಲ, ನಾನು ಒಂದು ಸಲವೂ ಹೇಳಲಿಲ್ಲ. ಬದಲಿಗೆ ಅದೇ ಕಥೆಯನ್ನು ಬಂದ ಬಂದ ಗಿರಾಕಿಗಳಿಗೆಲ್ಲ ಹೇಳಿದೆ. ಹೇಳಿ ಹೇಳಿ ನನಗೇ ನಿಜವಾಯಿತು.

ಎಂಜಿನ್ ಆರಿಸಬೇಕಾಗಿಯೇ ಇರಲಿಲ್ಲವಂತೆ. ನಿಮ್ಮ ಮಗಳು ಅಳೆದು ಹೇಳಿದ್ದಾಳೆ. ನಂಬದೆ ನಾನೂ ಒಂದು ಕಾರಿಗೆ ಮೀಟರ್ ಕಟ್ಟಿ ನೋಡಿದೆ. ಸೊನ್ನೆಯೇ.

ಕಪ್ಪನ್ನು ಇದರ ಜೊತೆ ಕಳಿಸಿದ್ದೇನೆ. ಅದು ನಿಮ್ಮ ಕೈಗೆ ಸೇರಬೇಕಾದದ್ದು. ಅವಳ ಪಕ್ಕ ಕೂತು ಹೋಗಿ ಭಾವಾ. ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಈ ಸಾಲನ್ನು ಅವಳಿಗೆ ತೋರಿಸಬೇಡಿ.

ಇಂತಿ,
ನಿಮ್ಮ ಭಾಮೈದ


ಅಕ್ಟೋಬರ್ ೧೪

ಭಾಮೈದನಿಗೆ,

ನಿನ್ನ ಕಾಗದ ಓದಿದ ದಿನ ಊಟ ಮಾಡಲಿಲ್ಲ. ನಿನ್ನ ಅಕ್ಕ ತಟ್ಟೆ ತಂದಿಟ್ಟು "ಏನ್ರೀ ಬರ್ದಿದಾನೆ?" ಅಂದಳು. ಕಾಗದವನ್ನೇ ಕೊಟ್ಟೆ. ಅವಳು ಓದಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ನಿನ್ನ ಹೆಸರು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಮಂಡಿಗೆ ಸಿಟ್ಟಿಲ್ಲ. ಹೋಗಲಿ, ಮಂಡಿ ಯಾರಿಗಾದರೂ ಹೋಗುತ್ತದೆ. ಆದರೆ ಹತ್ತೊಂಬತ್ತು ವರ್ಷ ನನ್ನ ಕೈಯನ್ನು ನಾನೇ ನಂಬದ ಹಾಗೆ ಮಾಡಿದೆಯಲ್ಲ. ಬಸ್ಸಿನಲ್ಲಿ ಕೈಗಳನ್ನು ತೊಡೆಗಳ ನಡುವೆ ಅದುಮಿಕೊಂಡು ಕೂತೆ. ಮಗು ಸೈಕಲ್ಲಿನಿಂದ ಬೀಳುವುದನ್ನು ನಿಂತು ನೋಡಿದೆ, ಹಿಡಿದರೆ ಎಲ್ಲಿ ಕೆಡಿಸಿಬಿಡುತ್ತೇನೋ ಎಂದು. ಅದನ್ನು ನೀನು ಯಾವ ಮೀಟರಿನಲ್ಲಿ ಅಳೆಯುತ್ತೀ?

ಓಟಕ್ಕೆ ಹೋದೆವು. ಹೋಗುವಾಗ ಇಡೀ ದಾರಿ ನಿನ್ನನ್ನು ಬೈದೆ. ಅವಳು "ಅಪ್ಪಾ, ಜೋರಾಗಿ ಬೈಯಬೇಡಿ, ಕಾರು ಅಲುಗಾಡಿದರೆ ಪೆಟ್ರೋಲ್ ಹೆಚ್ಚು ಸುಡುತ್ತೆ" ಅಂದಳು. ನಿನ್ನದೇ ನಾಲಿಗೆ ಅವಳದು. ನೆತ್ತಿಯಿಂದ ಮೂರನೇ ಗೇರಿನಲ್ಲಿ ಇಳಿದಳು. ಎಂಜಿನ್ ಗುನುಗುತ್ತಲೇ ಇತ್ತು. ಆ ತಿರುವು ಬಂತು. ಗೋಡೆಯ ಮೇಲೆ ನಿನ್ನ ಕೆಂಪು ಬಣ್ಣ ಇನ್ನೂ ಒಂದು ಗೀಟು ಉಳಿದಿದೆ. ಬ್ರೇಕ್ ಒತ್ತಿದಳು, ಕಾರು ಬೆಣ್ಣೆಯ ಹಾಗೆ ತಿರುಗಿತು. ದಾಟಿದ ಮೇಲೆ ನೆಟ್ಟಗಿನ ರಸ್ತೆ. ಅಲ್ಲಿ ಅವಳು, "ಅಪ್ಪಾ, ಕನ್ನಡಕ ಒರೆಸ್ಕೋಬೇಕು, ಸ್ವಲ್ಪ ಸ್ಟೀರಿಂಗ್ ಹಿಡ್ಕೊಳ್ಳಿ" ಅಂದಳು. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ಹಿಡಿದೆ. ಕಾರು ನೆಟ್ಟಗೇ ಹೋಯಿತು.

ಕ್ಯಾನು ಒಣಗಿ ನಿಂತದ್ದು ನೂರಾ ಹದಿನೆಂಟಕ್ಕೆ.

ನಿನ್ನ ಕಪ್ಪನ್ನು ವಾಪಸು ಕಳಿಸುತ್ತಿದ್ದೇನೆ. ಅದನ್ನು ನನ್ನ ತಲೆಗೆ ಕಟ್ಟಿ ತಪ್ಪಿಸಿಕೊಳ್ಳುತ್ತೀಯಾ? ಇದ್ದಲ್ಲೇ ಇಡು, ಶೋಕೇಸಿನ ನಡುವೆ. ಬಂದವರು ನೂರಾ ಹನ್ನೊಂದು ಏನೆಂದು ಕೇಳಿದರೆ ಬಾನೆಟ್ಟಿನೊಳಗೆ ತಲೆ ಹಾಕಬೇಡ. ನನಗೆ ಬರೆದ ಕಥೆಯನ್ನೇ ಹೇಳು, ಕಣ್ಣು ಮುಚ್ಚಿದ್ದನ್ನೂ ಸೇರಿಸಿ. ಅರ್ಧ ಗಂಟೆ ಹೇಳು. ಮೊದಲು ಎಷ್ಟು ಜೋರಾಗಿ ಹೇಳುತ್ತಿದ್ದೆಯೋ ಅಷ್ಟೇ ಜೋರಾಗಿ.

ಆರು ತಿಂಗಳು ಈ ಕಡೆ ತಲೆ ಹಾಕಬೇಡ. ಆಮೇಲೆ ನಾವೇ ಬರುತ್ತೇವೆ, ಕೆಂಪಿಯಲ್ಲಿ. ನಾನು ಗಿರಾಕಿಯ ಹಾಗೆ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಏನು ಹೇಳುತ್ತೀಯೋ ನೋಡೋಣ.

ಇಂತಿ,
ನಿನ್ನ ಭಾವ